ಟ್ರಾನ್ಸ್‌ಮಾನ್ ಕ್ಯೂಬಿಟ್ಟಿನ ಅಳತೆ: 10 ಮೆಗಾಹರ್ಟ್ಸ್ 1.3ಕ್ಕೆ ಇಳಿಯುವುದೇಕೆ?

ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕವೇ ಕ್ಯೂಬಿಟ್; ಅತಿವಾಹಕ ಸರ್ಕ್ಯೂಟಿನಿಂದ ಮಾಡಿದ ಅದರ ಒಂದು ಬಗೆ ಟ್ರಾನ್ಸ್‌ಮಾನ್. ಅಳೆಯುವಾಗ ಕ್ಯೂಬಿಟ್ಟನ್ನು ನೇರವಾಗಿ ಮುಟ್ಟುವುದಿಲ್ಲ. ಅದಕ್ಕೆ ಜೋಡಿಸಿದ ರೆಸೊನೇಟರಿಗೆ (ತನ್ನದೇ ಒಂದು ಆವೃತ್ತಿಯಲ್ಲಿ ಅನುರಣಿಸುವ ಸರ್ಕ್ಯೂಟಿಗೆ) ಮೈಕ್ರೋವೇವ್ ಕಳುಹಿಸಿ, ಮರಳಿ ಬಂದ ಅಲೆಯ ಫೇಸ್, ಅಂದರೆ ಏರಿಳಿತದ ಹಂತ, ಎಷ್ಟು ತಿರುಗಿದೆ ಎಂದು ನೋಡುತ್ತೇವೆ. ಕ್ಯೂಬಿಟ್ 0ರಲ್ಲಿದೆಯೋ 1ರಲ್ಲಿದೆಯೋ ಎಂಬುದಕ್ಕೆ ತಕ್ಕಂತೆ ರೆಸೊನೇಟರಿನ ಆವೃತ್ತಿ ತುಸು ಜರುಗುತ್ತದೆ; 2004ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಪ್ರಯೋಗದಲ್ಲಿ ತೋರಿಸಿಕೊಟ್ಟ ದಾರಿಯಿದು. ನಾನು ಎರಡು ದಿನ ಸಿಕ್ಕಿಬಿದ್ದದ್ದು ಈ ‘ತುಸು’ ಎಂದರೆ ಎಷ್ಟು ಎಂಬಲ್ಲಿ.

ಲೆಕ್ಕಕ್ಕೆ ರೆಸೊನೇಟರ್ 7 ಗಿಗಾಹರ್ಟ್ಸ್, ಕ್ಯೂಬಿಟ್ 5 ಗಿಗಾಹರ್ಟ್ಸ್, ಜೋಡಣೆಯ ಬಲ 100 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳೋಣ. ಬಲದ ವರ್ಗವನ್ನು ಆವೃತ್ತಿಗಳ ಅಂತರದಿಂದ ಭಾಗಿಸಿದರೆ 10,000 ÷ 2,000 = 5. ಸ್ಥಿತಿ 0 ಇದ್ದರೆ ರೆಸೊನೇಟರಿನ ಆವೃತ್ತಿ 5 ಮೇಲಕ್ಕೆ, 1 ಇದ್ದರೆ 5 ಕೆಳಕ್ಕೆ, ನಡುವಿನ ಅಂತರ 10 ಮೆಗಾಹರ್ಟ್ಸ್. ಎರಡೇ ಶಕ್ತಿಮಟ್ಟಗಳಿರುವ ಆದರ್ಶ ಕ್ಯೂಬಿಟ್ಟಿಗೆ ಇದು ಸರಿ. ಟ್ರಾನ್ಸ್‌ಮಾನಿಗೆ ಮೂರನೆಯ ಮಟ್ಟವೂ ಇದೆ, ಎಡವುವುದು ಅಲ್ಲೇ.

ನಿಧಾನವಾಗಿ ನೋಡೋಣ. 0ರಲ್ಲಿದ್ದಾಗ ಕೆಲಸ ಮಾಡುವುದು 0–1 ಜಿಗಿತ ಒಂದೇ: 5 ಮೇಲಕ್ಕೆ. 1ರಲ್ಲಿದ್ದಾಗ ಎರಡು ಜಿಗಿತಗಳು ಎದುರುಬದುರಾಗಿ ಜಗ್ಗುತ್ತವೆ. 0–1 ಜಿಗಿತ ರೆಸೊನೇಟರನ್ನು 5 ಕೆಳಕ್ಕೆ ಎಳೆಯುತ್ತದೆ. 1–2 ಜಿಗಿತದ ಆವೃತ್ತಿ 300 ಮೆಗಾಹರ್ಟ್ಸ್ ಕಡಿಮೆ ಎಂದುಕೊಂಡರೆ ಅಂತರ 2,300. ಅದರ ಬಲದ ವರ್ಗ ಮಾತ್ರ ಇಮ್ಮಡಿ. 20,000 ÷ 2,300 = 8.7 ಮೇಲಕ್ಕೆ. ಕೂಡಿಸಿದರೆ 3.7 ಮೇಲಕ್ಕೆ. ಎರಡೂ ಸ್ಥಿತಿಗಳು ಒಂದೇ ದಿಕ್ಕಿಗೆ ತಳ್ಳುತ್ತವೆ! ನಮಗೆ ಸಿಗುವ ಅಂತರ 5 − 3.7, ಅಂದರೆ 1.3 ಮೆಗಾಹರ್ಟ್ಸ್ ಅಷ್ಟೇ.

ಸೂತ್ರ ಮರೆತಾಗ ನನ್ನ ಊರುಗೋಲು ಇದು: ಆ 300ನ್ನು ಸೊನ್ನೆ ಮಾಡಿ ನೋಡಿ. 20,000 ÷ 2,000 = 10, ಅದರಲ್ಲಿ 5 ಕಳೆದರೆ 5. ಎರಡೂ ಸ್ಥಿತಿಗಳಿಗೆ ಜರುಗು ಒಂದೇ, ಅಳತೆಗೆ ಏನೂ ಕಾಣದು. ಶಕ್ತಿಮಟ್ಟಗಳ ಮೆಟ್ಟಿಲುಗಳು ಅಸಮವಾಗಿರುವುದರಿಂದಲೇ ಟ್ರಾನ್ಸ್‌ಮಾನನ್ನು ಓದಲು ಸಾಧ್ಯ.

ಉಳಿದದ್ದು ಬೇಗ ಮುಗಿಯುತ್ತದೆ. ರೆಸೊನೇಟರಿನ ರೇಖೆಯ ಅಗಲವೂ (ಅದು ಸ್ಪಂದಿಸುವ ಆವೃತ್ತಿಗಳ ಹರವು) 1.3ರ ಆಸುಪಾಸಿನಲ್ಲಿದ್ದು, ನಡುವಿನ ಆವೃತ್ತಿಯಲ್ಲಿ ಅಲೆ ಕಳುಹಿಸಿದರೆ ಪ್ರತಿಫಲಿತ ಅಲೆಯ ಫೇಸ್ ಎರಡು ಸ್ಥಿತಿಗಳ ನಡುವೆ 180 ಡಿಗ್ರಿ ಬೇರೆಯಾಗುತ್ತದೆ. ಒಂದೊಂದು ಅಳತೆಯನ್ನೂ ಒಂದು ಚುಕ್ಕೆಯಾಗಿ ಗುರುತಿಸಿದರೆ ಎರಡು ಮೋಡಗಳು ಮೂಡುತ್ತವೆ. ಅವುಗಳ ನಡುವೆ ತೆಳುವಾಗಿ ಚೆಲ್ಲಿದ ಚುಕ್ಕೆಗಳನ್ನು ನಾನು ಮೊದಲು ಬರೀ ಗದ್ದಲವೆಂದುಕೊಂಡಿದ್ದೆ. ಅವುಗಳಲ್ಲಿ ಹಲವು, ಅಳೆಯುತ್ತಿರುವಾಗಲೇ 1ರಿಂದ 0ಗೆ ಜಾರಿದ ಕ್ಯೂಬಿಟ್ಟಿನ ಗುರುತುಗಳು.