ಒಂದು ಸಾಲಿನ ಸುಳ್ಳಿಗೆ ಎಷ್ಟು ವರ್ಷದ ಅನುದಾನ ಬೇಕು?

ನಾಜಿಗಳು ನಡೆಸಿದ ಯಹೂದಿ ನರಮೇಧದ ಬಗ್ಗೆ ಅಂತರ್ಜಾಲದಲ್ಲಿ ಹಬ್ಬುವ ಸುಳ್ಳುಗಳನ್ನು ಎದುರಿಸಲು ಸಂಸ್ಥೆಗಳು ಸಲ್ಲಿಸುವ ಅನುದಾನದ ಅರ್ಜಿಗಳನ್ನು ಪರಿಶೀಲಿಸುವಾಗ, ದಾಖಲೆಗಳನ್ನು ಮೂಲ ಭಾಷೆಯಲ್ಲಿ ಓದಬಲ್ಲವರ ಸಂಬಳಕ್ಕೆ ಎಷ್ಟು ಹಣ ಇಡಲಾಗಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಬಹಳಷ್ಟು ಅರ್ಜಿಗಳಲ್ಲಿ ಕಿರುಚಿತ್ರ, ಜಾಹೀರಾತು ಮತ್ತು ಸಮಾರೋಪ ಸಮಾವೇಶಗಳಿಗೆ ಧಾರಾಳವಾಗಿ ಹಣ ಕೇಳಿದ್ದರೂ ಈ ಬಾಬ್ತು ಮಾತ್ರ ಬಡಕಲಾಗಿರುತ್ತದೆ. ಇದು ಯೋಜನೆಯ ಬುಡವನ್ನೇ ಅಲುಗಾಡಿಸುವ ಕೊರತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನರಮೇಧ ನಡೆದೇ ಇಲ್ಲ ಎನ್ನುವ ನೇರ ನಿರಾಕರಣೆಯನ್ನು ಗುರುತಿಸುವುದು ಸುಲಭ. ನಿಜವಾದ ದಾಖಲೆಯೊಂದನ್ನೇ ಹಿಡಿದು ಅದರ ಸಂದರ್ಭವನ್ನು ಕತ್ತರಿಸಿ ಹಾಕುವ ತಿರುಚುವಿಕೆಯೇ ಹೆಚ್ಚು ಅಪಾಯಕಾರಿ. 1941ರ ನವೆಂಬರ್ 30ರಂದು ನಾಜಿ ಎಸ್‌ಎಸ್ ಪಡೆಯ ಮುಖ್ಯಸ್ಥ ಹೈನ್ರಿಕ್ ಹಿಮ್ಲರ್ ತನ್ನ ದೂರವಾಣಿ ಟಿಪ್ಪಣಿಯಲ್ಲಿ, ಬರ್ಲಿನ್‌ನಿಂದ ಹೊರಟ ಯಹೂದಿಗಳ ಸಾಗಣೆಯೊಂದನ್ನು ಉಲ್ಲೇಖಿಸಿ, ಕೊಲ್ಲಬಾರದು ಎಂಬರ್ಥದ ಸಾಲನ್ನು ಬರೆದುಕೊಂಡಿದ್ದ. ಅದು ಲಾಟ್ವಿಯಾದ ರಿಗಾಕ್ಕೆ ಕಳುಹಿಸಿದ ಒಂದೇ ರೈಲಿಗೆ ಸಂಬಂಧಿಸಿದ ಮಾತು. ಅದರಲ್ಲಿದ್ದವರನ್ನು ಅಂದೇ ಬೆಳಿಗ್ಗೆ ರುಂಬುಲಾ ಕಾಡಿನಲ್ಲಿ ಗುಂಡಿಕ್ಕಿ ಕೊಂದಾಗಿತ್ತು. ಬ್ರಿಟಿಷ್ ಲೇಖಕ ಡೇವಿಡ್ ಇರ್ವಿಂಗ್ ಇದೇ ಸಾಲನ್ನು, ಯಹೂದಿಗಳನ್ನು ಕೊಲ್ಲಬಾರದೆಂದು ಹಿಟ್ಲರ್ ಆಜ್ಞಾಪಿಸಿದ್ದಕ್ಕೆ ಪುರಾವೆಯೆಂದು ಮಂಡಿಸಿದ. ತನ್ನನ್ನು ನಿರಾಕರಣವಾದಿ ಎಂದು ಕರೆದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ಅವರ ಮೇಲೆ ಆತ ಹೂಡಿದ ಮಾನನಷ್ಟ ಮೊಕದ್ದಮೆಯನ್ನು ಲಂಡನ್ನಿನ ಹೈಕೋರ್ಟ್ 2000ದ ಏಪ್ರಿಲ್‌ನಲ್ಲಿ ತಿರಸ್ಕರಿಸಿತು. ಆದರೆ ಆ ತೀರ್ಪಿನ ಹಿಂದೆ, ಇತಿಹಾಸಕಾರ ರಿಚರ್ಡ್ ಇವಾನ್ಸ್ ಮತ್ತು ಅವರ ಸಹಾಯಕರು ಇರ್ವಿಂಗ್‌ನ ಅಡಿಟಿಪ್ಪಣಿಗಳನ್ನು ಮೂಲ ಕಾಗದಗಳೊಂದಿಗೆ ತಾಳೆ ನೋಡುತ್ತ ಕಳೆದ ವರ್ಷಗಳ ದುಡಿಮೆಯಿತ್ತು. ಸುಳ್ಳು ಹೇಳುವವನಿಗೆ ಒಂದು ಸಾಲು ಸಾಕಾದರೆ ಉತ್ತರ ಕೊಡುವವರಿಗೆ ಬೇಕಾಗುವ ಕಾಲ ಇಷ್ಟು.

ಈಗ ಆ ಒಂದು ಸಾಲು ಚಿತ್ರವಾಗಿ ಕ್ಷಣಾರ್ಧದಲ್ಲಿ ಹರಡುತ್ತದೆ. ಯುನೆಸ್ಕೋ ಮತ್ತು ವಿಶ್ವಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನರಮೇಧವನ್ನು ಕುರಿತ ಸಾರ್ವಜನಿಕ ಪೋಸ್ಟ್‌ಗಳಲ್ಲಿ ನಿರಾಕರಿಸುವ ಅಥವಾ ತಿರುಚುವ ಪೋಸ್ಟ್‌ಗಳ ಪಾಲು ಟೆಲಿಗ್ರಾಂನಲ್ಲಿ ಶೇ 49ರಷ್ಟಿತ್ತು, ಫೇಸ್‌ಬುಕ್‌ನಲ್ಲಿ ಶೇ 8ರಷ್ಟಿತ್ತು. ಫೇಸ್‌ಬುಕ್ 2020ರ ಅಕ್ಟೋಬರ್‌ನಲ್ಲಿ ನಿರಾಕರಣೆಯನ್ನು ನಿಷೇಧಿಸಿತ್ತು. ಟೆಲಿಗ್ರಾಂನಲ್ಲಿ ಅಂಥ ನಿಗಾ ಇರಲಿಲ್ಲ. ಆದ್ದರಿಂದ ವೇದಿಕೆಗಳ ನಿಯಮಪಾಲನೆಯನ್ನು ಬೆನ್ನುಬಿಡದೆ ಪರೀಕ್ಷಿಸುವ ಯೋಜನೆಗಳಿಗೂ ಹಣ ಸಲ್ಲಬೇಕು. ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ, ಇಲ್ಲದ ಸಂತ್ರಸ್ತರ ಚಿತ್ರಗಳನ್ನು, ನಾಜಿಗಳ ಮರಣ ಶಿಬಿರವಿದ್ದ ಜಾಗದ ಆಶ್‌ವಿಟ್ಜ್ ಸ್ಮಾರಕವೇ 2025ರಲ್ಲಿ ಖಂಡಿಸಬೇಕಾಯಿತು. ಅನುಕಂಪದ ವೇಷದಲ್ಲಿ ಬರುವ ಇಂಥ ಚಿತ್ರಗಳು ನಿಜವಾದ ಭಾವಚಿತ್ರಗಳನ್ನೂ ಶಂಕೆಗೆ ಒಡ್ಡುತ್ತವೆ.

ಹಣದ ಮೂಲಗಳು ಇಲ್ಲವೆಂದಲ್ಲ. ಐರೋಪ್ಯ ಒಕ್ಕೂಟದ ಪೌರತ್ವ ಮತ್ತು ಮೌಲ್ಯಗಳ ಕಾರ್ಯಕ್ರಮದಲ್ಲಿ ಸ್ಮರಣೆಗೆಂದೇ ಪ್ರತ್ಯೇಕ ವಿಭಾಗವಿದೆ. ನಾಜಿಗಳ ಕಾಲದ ಬಲವಂತದ ದುಡಿಮೆಗಾರರಿಗೆ ಪರಿಹಾರ ಕೊಡಲು 2000ದಲ್ಲಿ ಸ್ಥಾಪನೆಯಾದ ಜರ್ಮನಿಯ ಇವಿಝಡ್ ಪ್ರತಿಷ್ಠಾನ ಇಂದು ಇಂಥ ಶಿಕ್ಷಣ ಯೋಜನೆಗಳಿಗೆ ನೆರವು ನೀಡುತ್ತದೆ. ತೊಡಕಿರುವುದು ಅವಧಿಯಲ್ಲಿ. ಒಂದೆರಡು ವರ್ಷಗಳಲ್ಲಿ ಅನುದಾನ ಮುಗಿದರೆ ಜಾಲತಾಣದ ಸರ್ವರ್ ಬಾಡಿಗೆ ಕಟ್ಟುವವರಿಲ್ಲ, ಕೊಂಡಿಗಳು ಮುರಿಯುತ್ತವೆ, ಸುಳ್ಳು ಮಾತ್ರ ಹೊಸ ಭಾಷೆಗೆ ಅನುವಾದಗೊಂಡು ಮುಂದುವರಿಯುತ್ತದೆ. ಇದಕ್ಕೆ ಹೋಲಿಸಿದರೆ, ನಾಜಿ ದೌರ್ಜನ್ಯಕ್ಕೆ ಸಂಬಂಧಿಸಿದ, ಸುಮಾರು 1.75 ಕೋಟಿ ಜನರ ಕುರಿತ ದಾಖಲೆಗಳಿರುವ ಜರ್ಮನಿಯ ಆರೋಲ್ಸನ್ ಪತ್ರಾಗಾರ ಸ್ವಯಂಸೇವಕರ ನೆರವಿನಿಂದ ಹೆಸರುಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿರುವ ಕೆಲಸದಲ್ಲಿ ಆಡಂಬರವಿಲ್ಲ, ಆದರೆ ಯಾರು ಬೇಕಾದರೂ ತೆರೆದು ನೋಡಬಹುದಾದ ಪುರಾವೆ ಉಳಿಯುತ್ತದೆ.

ವೀಕ್ಷಣೆಗಳ ಸಂಖ್ಯೆಯನ್ನೇ ಯಶಸ್ಸಿನ ಅಳತೆಯೆಂದು ತೋರಿಸುವ ಅರ್ಜಿದಾರರಿಗೆ ನಾನು ಮೂರು ಪ್ರಶ್ನೆಗಳನ್ನು ಕಳುಹಿಸುತ್ತೇನೆ: ನೀವು ಬಳಸುವ ಪ್ರತಿ ಚಿತ್ರದ ಮೂಲ ಯಾವ ಪತ್ರಾಗಾರದಲ್ಲಿದೆ, ಶಿಕ್ಷಕರು ಅದನ್ನು ಎಲ್ಲಿ ಪರಿಶೀಲಿಸಬಹುದು, ಅನುದಾನ ಮುಗಿದ ಐದನೆಯ ವರ್ಷದಲ್ಲಿ ಅದನ್ನು ನೋಡಿಕೊಳ್ಳುವವರು ಯಾರು? ಮೂರನೆಯದಕ್ಕೆ ಸಂಸ್ಥೆಯ ಹೆಸರು ಮತ್ತು ಲಿಖಿತ ಒಪ್ಪಿಗೆ ಬಂದ ನಂತರವಷ್ಟೇ ನಾನು ಶಿಫಾರಸು ಬರೆಯುತ್ತೇನೆ.