ಮೊದಲ ಅಧ್ಯಾಯವನ್ನು ಬಿಟ್ಟು ಮುಂದೆ ಹೋಗಿ

ಯುಗಾದಿ ಮುಗಿದ ವಾರ ಗಂಗಾವತಿಯಿಂದ ಒಬ್ಬ ಹುಡುಗ ಕೊಪ್ಪಳದ ನಮ್ಮ ಮನೆಗೆ ಬಂದಿದ್ದ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮೂರು ವರ್ಷದಿಂದ ಕಾದಂಬರಿ ಬರೆಯುತ್ತಿದ್ದೇನೆ ಅಂದ. ಕೈಚೀಲದಿಂದ ಆರು ನೋಟ್‌ಬುಕ್ ತೆಗೆದು ಮುಂದಿಟ್ಟ.

ಆರನ್ನೂ ತೆರೆದು ನೋಡಿದೆ. ಆರರಲ್ಲೂ ಒಂದೇ ಅಧ್ಯಾಯ! ತುಂಗಭದ್ರಾ ಎಡದಂಡೆ ಕಾಲುವೆಗೆ ಮೊದಲ ಸಲ ನೀರು ಬಂದ ದಿನ, ದಂಡೆಯ ಮೇಲೆ ನಿಂತ ಅಜ್ಜಿ. ಮೊದಲ ನೋಟ್‌ಬುಕ್‌ನಲ್ಲಿ ಅಜ್ಜಿಯದು ಹಸಿರು ಸೀರೆ. ಮೂರನೆಯದರಲ್ಲಿ ಇಳಕಲ್ ಸೀರೆ. ಆರನೆಯದರಲ್ಲಿ ಸೀರೆಯ ಅಂಚಿಗೇ ನಾಲ್ಕು ಸಾಲು. ಬರವಣಿಗೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಮೂರು ವರ್ಷದಲ್ಲಿ ಅಜ್ಜಿ ಆ ದಂಡೆಯಿಂದ ಇಳಿದೇ ಇರಲಿಲ್ಲ.

“ಮೊದಲಿಂದು ಸರಿ ಮಾಡಿ ಮುಂದ ಹೋಗಬೇಕಂತ ಮಾಡೀನ್ರಿ ಅಕ್ಕಾರ. ಮುಂದ ಹೋಗಾಕ ಆಗವಲ್ದು” ಅಂದ. ತನಗೆ ಶಿಸ್ತಿಲ್ಲ, ಮನಸ್ಸು ನಿಲ್ಲುವುದಿಲ್ಲ ಅಂತ ಅವನ ಕೊರಗು.

ಹಸ್ತಪ್ರತಿ ಓದಿ ತಿದ್ದುವುದು ನನ್ನ ಕೆಲಸ. ಹದಿನೆಂಟು ವರ್ಷದಲ್ಲಿ ಇಂಥ ನೋಟ್‌ಬುಕ್ ಎಷ್ಟೋ ನೋಡಿದ್ದೇನೆ. ಒಂದೇ ಅಧ್ಯಾಯವನ್ನು ಆರು ಸಲ ಬರೆಯುವವನಿಗೆ ಶಿಸ್ತಿಲ್ಲ ಅಂತ ಹೇಗೆ ಹೇಳುವುದು? ಅವನ ಶಿಸ್ತೆಲ್ಲ ತಪ್ಪು ಜಾಗಕ್ಕೆ ಹರಿಯುತ್ತಿತ್ತು, ಅಷ್ಟೆ.

ಬರೆದದ್ದನ್ನು ತಿದ್ದುವಾಗ ಕೈಗೆ ಕೆಲಸ ಸಿಗುತ್ತದೆ. ಒಂದು ಪದ ಬದಲಾದರೂ ಇವತ್ತು ಏನೋ ಮಾಡಿದೆ ಅನ್ನಿಸುತ್ತದೆ. ಖಾಲಿ ಹಾಳೆ ಮುಂದೆ ಆ ಸಮಾಧಾನ ಇರುವುದಿಲ್ಲ, ಅಲ್ಲಿ ಬರೀ ಅಂಜಿಕೆ. ಅದಕ್ಕೇ ಮನಸ್ಸು ಹಿಂದಕ್ಕೆ ಓಡುತ್ತದೆ. ಇನ್ನೊಂದು ಮಾತೂ ಇದೆ. ಕೊನೆಗೆ ಅಜ್ಜಿ ಏನಾಗುತ್ತಾಳೆ ಅಂತ ಗೊತ್ತಾಗುವ ತನಕ, ಮೊದಲ ಪುಟದಲ್ಲಿ ಅವಳ ಬಗ್ಗೆ ಏನು ಹೇಳಬೇಕು ಅನ್ನುವುದು ಬರೆದವನಿಗೂ ಗೊತ್ತಿರುವುದಿಲ್ಲ.

ನಮ್ಮ ಕಿನ್ನಾಳದ ಚಿತ್ರಗಾರರ ಮನೆಗೆ ಒಮ್ಮೆ ಹೋಗಿ ನೋಡಿ. ಹಗುರ ಮರವನ್ನು ತುಂಡು ತುಂಡಾಗಿ ಕೆತ್ತಿ, ಹುಣಸೆ ಬೀಜದ ಅಂಟು ಹಾಕಿ ಗೊಂಬೆಗೆ ಕೈಕಾಲು ಜೋಡಿಸುತ್ತಾರೆ. ಬಣ್ಣದ ಸರದಿ ಬರುವುದು ಕಟ್ಟುವ ಕೆಲಸ ಎಲ್ಲ ಮುಗಿದ ಮೇಲೆ. ಈ ಹುಡುಗ ಗೊಂಬೆಗೆ ಕೈ ಕೂರಿಸುವ ಮೊದಲೇ ಮುಖಕ್ಕೆ ಆರು ಸಲ ಬಣ್ಣ ಹಚ್ಚಿದ್ದ.

ಅವನಿಗೆ ಒಂದೇ ಕಟ್ಟುನಿಟ್ಟು ಹಾಕಿದೆ. ಆರು ನೋಟ್‌ಬುಕ್ ನನ್ನ ಹತ್ತಿರ ಇರಲಿ, ಏಳನೆಯದನ್ನು ಎರಡನೇ ಅಧ್ಯಾಯದಿಂದ ಶುರು ಮಾಡು. ಹಿಂದಿನದನ್ನು ಬದಲಿಸಬೇಕು ಅನ್ನಿಸಿದರೆ ನೋಟ್‌ಬುಕ್‌ನ ಕೊನೆ ಹಾಳೆಯಲ್ಲಿ ಒಂದು ಸಾಲು ಗುರುತು ಹಾಕಿಕೊ: “ಅಜ್ಜಿಗೆ ಒಂದು ಕಣ್ಣು ಮಂಜು, ಮೊದಲೇ ಹೇಳಬೇಕು.” ಅಷ್ಟು ಬರೆದು, ಅಜ್ಜಿಯ ಕಣ್ಣು ಮೊದಲಿಂದಲೂ ಮಂಜಾಗಿದೆ ಅಂತಲೇ ಮುಂದಿನ ಸಾಲಿಗೆ ಹೋಗು. ಆ ಕೊನೆ ಹಾಳೆ ತುಂಬುತ್ತಾ ಹೋದರೆ ಕಾದಂಬರಿ ಬೆಳೆಯುತ್ತಿದೆ ಅಂತಲೇ ತಿಳಿ.

ದಿನಕ್ಕೆ ಎಷ್ಟು? 300 ಪದ ಸಾಕು. ವಾರಕ್ಕೆ ಐದು ದಿನ ಅಂದರೆ 1,500. 34 ವಾರಕ್ಕೆ 51 ಸಾವಿರ ಪದ, ಹೆಚ್ಚುಕಡಿಮೆ 200 ಪುಟದ ಪುಸ್ತಕ. ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಅಂಚೆ ಇಲಾಖೆಯಲ್ಲಿ ನೌಕರ. ಬೆಳಿಗ್ಗೆ 5.30ಕ್ಕೆ ಕೂತು, ಮುಂದೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದನಂತೆ. 1883ರಲ್ಲಿ ಬಂದ ಆತ್ಮಕತೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಅಷ್ಟು ವೇಗ ನಮಗೆ ಬೇಡ. ಗಡಿಯಾರ ಮಾತ್ರ ಬೇಕು. ನೌಕರಿ ಇದ್ದರೆ ಆಗಲ್ಲ ಅನ್ನುವವರಿಗೆ ಅಷ್ಟು ದೂರದ ಉದಾಹರಣೆಯೂ ಬೇಕಿಲ್ಲ. ಇಲ್ಲೇ ಕೊಟ್ಟೂರಿನ ಕುಂ. ವೀರಭದ್ರಪ್ಪ ಆಂಧ್ರದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದುಕೊಂಡೇ ಬರೆದವರು. ಅವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಮ್ಮ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತಾದರೆ ಮುಗೀತು, ತಲೆ ಓಡುವುದಿಲ್ಲ. ರಾತ್ರಿ ಸೆಕೆ, ಮೇಲೆ ಕರೆಂಟಿನ ಕಾಟ. ಆದ್ದರಿಂದ ಐದೂವರೆಯೇ ಒಳ್ಳೆಯದು. ಫೋನು ದೇವರ ಜಗುಲಿ ಮೇಲಿರಲಿ. ಎದ್ದು ಹೋಗಿ ತರಬೇಕು ಅಂದರೆ ಅರ್ಧ ಆಸೆ ಅಲ್ಲೇ ಇಳಿಯುತ್ತದೆ.

ಏಳುವಾಗ ಒಂದು ಸಾಲನ್ನು ಅರ್ಧಕ್ಕೇ ಬಿಟ್ಟು ಏಳಿ. ಮುಂದಿನ ಮಾತು ಏನು ಅಂತ ಗೊತ್ತಿರುವಾಗಲೇ ಪೆನ್ನು ಕೆಳಗಿಡಬೇಕು. ಅಧ್ಯಾಯ ಮುಗಿಸಿ ಎದ್ದವರು ಮರುದಿನ ಮತ್ತೆ ಖಾಲಿ ಹಾಳೆಗೇ ಬರುತ್ತಾರೆ. ಅರ್ಧ ಸಾಲು ಬಿಟ್ಟವರಿಗೆ ಆ ತೊಂದರೆ ಇಲ್ಲ. ಆ ಸಾಲು ಮುಗಿಸುವಷ್ಟರಲ್ಲಿ ಕೈ ಓಡತೊಡಗಿರುತ್ತದೆ.

ದಿನ ತಪ್ಪುತ್ತದೆ. ಮದುವೆ, ಜಾತ್ರೆ, ಮಗುವಿಗೆ ಜ್ವರ. ಭತ್ತದ ಸುಗ್ಗಿಯಲ್ಲಂತೂ ಗಿರಣಿಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ತಪ್ಪಿದ್ದಕ್ಕೆ ಸೇರಿಸಿ ನಾಳೆ 600 ಬರೆಯುತ್ತೇನೆ ಅಂತ ಹೊರಡಬೇಡಿ. ಸಾಲ ಬೆಳೆದ ಹಾಗೆ ನೋಟ್‌ಬುಕ್ ಕಂಡರೇ ಭಯ ಆಗುತ್ತದೆ. ಹೋದದ್ದು ಹೋಯಿತು, ಇವತ್ತಿಗೆ 300. ಕಾದಂಬರಿ ಮುಗಿಸಿದವರಲ್ಲಿ ಒಂದು ದಿನವೂ ತಪ್ಪಿಸದವರನ್ನು ನಾನು ಕಂಡಿಲ್ಲ. ತಪ್ಪಿಸಿದ ಮೇಲೆ ಬೇಗ ವಾಪಸ್ ಬಂದವರನ್ನೇ ಕಂಡಿದ್ದು.

ಇನ್ನೊಂದು ವಿಷಯ ನನಗೆ ಜಾಸ್ತಿ ಬೇಸರ ತರಿಸುತ್ತದೆ. ಮಿರ್ಚಿ, ಮಂಡಕ್ಕಿ ತಿನ್ನುತ್ತಾ ಗೆಳೆಯರಿಗೆ ಇಡೀ ಕತೆ ಹೇಳಿಬಿಡುವುದು. ಎಲ್ಲರೂ ಭೇಷ್ ಅನ್ನುತ್ತಾರೆ. ಬರೆಯುವ ಮುಂಚೆಯೇ ಬರೆದು ಮುಗಿಸಿದ ಖುಷಿ ಸಿಕ್ಕಿಬಿಡುತ್ತದೆ. ಬೆಳಿಗ್ಗೆ ಎದ್ದು ಕೂತರೆ ಕತೆ ಹಳಸಿರುತ್ತದೆ. ಹೀಗೆ ಬಾಯಲ್ಲೇ ಮುಗಿದುಹೋದ ಒಳ್ಳೊಳ್ಳೆ ಕಾದಂಬರಿಗಳು ನಮ್ಮ ಜಿಲ್ಲೆಯಲ್ಲೇ ಎಷ್ಟಿವೆಯೋ! ನೆನೆದರೆ ಹೊಟ್ಟೆ ಉರಿಯುತ್ತದೆ. ಮೊದಲ ಪ್ರತಿ ಮುಗಿಯುವ ತನಕ ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ.

ಆ ಹುಡುಗ ಸುಗ್ಗಿ ಶುರುವಾಗುವ ಮುಂಚೆ ಇನ್ನೊಮ್ಮೆ ಬಂದಿದ್ದ. ಒಂಬತ್ತನೇ ನೋಟ್‌ಬುಕ್, ಹನ್ನೊಂದನೇ ಅಧ್ಯಾಯ. ಅಕ್ಷರ ಸೊಟ್ಟಗೆ, ಅಲ್ಲಲ್ಲಿ ಚಹಾದ ಕಲೆ, ಕೊನೆ ಹಾಳೆಯ ತುಂಬ ಗುರುತು. ಕಡೆಯ ಸಾಲು ಹೀಗಿತ್ತು: “ಹಮಾಲರು ಚೀಲ ಇಳಿಸುವಷ್ಟರಲ್ಲಿ ಅಜ್ಜಿ ತಾನೇ ತಕ್ಕಡಿ ಹತ್ತಿ ನಿಂತು”. ಅಲ್ಲಿಗೇ ನಿಂತಿತ್ತು. ನಿಂತು ಏನು ಮಾಡಿದಳೋ ಅಂತ ತಡೆಯಲಾರದೆ ಕೇಳಿಯೇಬಿಟ್ಟೆ.

“ಹೇಳೂದಿಲ್ರಿ ಅಕ್ಕಾರ” ಅಂದ.