ಜೆರ್ಸಿಯ ಮೇಲಿನ ಕೆಂಪು ಹೂ: ಸ್ಮರಣೆಯೋ, ಒತ್ತಾಯವೋ?

ಪ್ರಶ್ನೆ: ನವೆಂಬರ್ ಬಂತೆಂದರೆ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರರ ಎದೆಯ ಮೇಲೆ ಕೆಂಪು ಪಾಪ್ಪಿ ಹೂವಿನ ಗುರುತು, ಪಂದ್ಯಕ್ಕೆ ಮೊದಲು ಮೌನ, ಮೈದಾನದಲ್ಲಿ ಸಮವಸ್ತ್ರದ ಸೈನಿಕರು ಕಾಣಿಸುತ್ತಾರೆ. ಯುದ್ಧದಲ್ಲಿ ಮಡಿದವರನ್ನು ನೆನೆಯುವ ಈ ಆಚರಣೆ ಅತಿಯಾಯಿತೇ?

ಉತ್ತರ: ಮೌನ ಅತಿಯಾಗಿಲ್ಲ. ಆದರೆ ಆ ಹೂವನ್ನು ಎಲ್ಲರೂ ಧರಿಸಲೇಬೇಕೆಂಬ ಒತ್ತಡ ಖಂಡಿತ ಅತಿಯಾಗಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯ ಮಹಾಯುದ್ಧದ ಕಾಳಗ 1918ರ ನವೆಂಬರ್ 11ರಂದು ನಿಂತಿತು. ಮರುವರ್ಷ ಅದೇ ದಿನ ಬ್ರಿಟನ್ ಎರಡು ನಿಮಿಷ ಮೌನವಾಗಿ ನಿಂತಿತು. ನಮ್ಮ ಗಸಗಸೆಯ ಕುಲಕ್ಕೇ ಸೇರಿದ ಕೆಂಪು ಪಾಪ್ಪಿ ನೆಲ ಕದಡಿದಲ್ಲಿ ಮೊಳೆಯುವ ಗಿಡ. ಫಿರಂಗಿಗಳು ಉತ್ತು ಹಾಕಿದಂತಿದ್ದ ಫ್ರಾನ್ಸ್, ಬೆಲ್ಜಿಯಂಗಳ ರಣಭೂಮಿಯಲ್ಲಿ ಅದು ಅರಳಿದ್ದರಿಂದಲೇ ಮಡಿದವರ ಗುರುತಾಯಿತು. ಇಂದು ರಾಯಲ್ ಬ್ರಿಟಿಷ್ ಲೀಜನ್ ಎನಿಸಿರುವ ಸಂಸ್ಥೆ 1921ರಿಂದ ಈ ಹೂವಿನ ಮೂಲಕ ಮಾಜಿ ಸೈನಿಕರಿಗಾಗಿ ಹಣ ಕೂಡಿಸುತ್ತ ಬಂದಿದೆ. ಆ ಯುದ್ಧದಲ್ಲಿ ಅವಿಭಜಿತ ಭಾರತದ ಸುಮಾರು 74,000 ಸೈನಿಕರೂ ಸತ್ತರು. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾದ ಮೇಲೆ ಕುದುರೆಯೇರಿ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರಿದ್ದರು. ಹಾಗಾಗಿ ಈ ನೆನಪು ನಮಗೂ ಪರಕೀಯವಲ್ಲ.

ಆದರೆ ಆಟಗಾರರ ಜೆರ್ಸಿಗೆ ಹೂ ಹತ್ತಿದ್ದು ಈ ಶತಮಾನದಲ್ಲಿ. ರಣರಂಗದಿಂದ ಮರಳಿದವರೇ ಮೈದಾನದಲ್ಲಿ ಆಡುತ್ತಿದ್ದ ಕಾಲದಲ್ಲಿ ಇಲ್ಲದಿದ್ದ ಗುರುತು, ಆ ತಲೆಮಾರು ಹೆಚ್ಚುಕಡಿಮೆ ಕಣ್ಮರೆಯಾದ ಮೇಲೆ ಕಡ್ಡಾಯವೆಂಬಂತಾಯಿತು. 2016ರ ನವೆಂಬರ್ 11ರಂದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಪಾಪ್ಪಿಯ ತೋಳಪಟ್ಟಿ ಕಟ್ಟಿಕೊಂಡು ಆಡಿದಾಗ, ರಾಜಕೀಯ ಚಿಹ್ನೆಗಳ ನಿಷೇಧವನ್ನು ಮುಂದಿಟ್ಟು ಫಿಫಾ ಎರಡೂ ಕಡೆಯ ಫುಟ್‌ಬಾಲ್ ಸಂಸ್ಥೆಗಳಿಗೆ ದಂಡ ವಿಧಿಸಿತು. ಮರುವರ್ಷ ನಿಯಮವನ್ನು ಸಡಿಲಿಸಿತು. ದಂಡ ಹಾಕಿದ್ದು ಒರಟಾಯಿತೆಂದು ನನಗೂ ಅನಿಸುತ್ತದೆ, ಆದರೆ ಈ ಹೂವಿಗೂ ರಾಜಕೀಯಕ್ಕೂ ಸಂಬಂಧವೇ ಇಲ್ಲ ಎಂಬ ವಾದವನ್ನು ಒಪ್ಪುವುದು ಕಷ್ಟ.

ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಆಡುತ್ತಲೇ ಈ ಹೂ ಧರಿಸಲು ಒಪ್ಪದ ಆಟಗಾರ ಜೇಮ್ಸ್ ಮೆಕ್‌ಕ್ಲೀನ್ ಉತ್ತರ ಐರ್ಲೆಂಡಿನ ಡೆರಿಯವರು. 1972ರ ಜನವರಿ 30ರಂದು ಅದೇ ಊರಿನಲ್ಲಿ ಬ್ರಿಟಿಷ್ ಸೈನಿಕರು ನಿರಾಯುಧ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿ 13 ಮಂದಿಯನ್ನು ಕೊಂದರು. ಅದು ಸಮರ್ಥನೀಯವಲ್ಲವೆಂದು 2010ರಲ್ಲಿ ಬ್ರಿಟನ್ನಿನ ಪ್ರಧಾನಿಯೇ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಎರಡು ಮಹಾಯುದ್ಧಗಳಲ್ಲಿ ಸತ್ತವರ ಬಗ್ಗೆ ತನಗೆ ಪೂರ್ಣ ಗೌರವವಿದೆ, ಆದರೆ ಈ ಹೂ 1945ರ ನಂತರದ ಸಂಘರ್ಷಗಳನ್ನೂ ಸ್ಮರಿಸುತ್ತದೆ ಎಂದು ಮೆಕ್‌ಕ್ಲೀನ್ 2014ರಲ್ಲಿ ಬಹಿರಂಗ ಪತ್ರದಲ್ಲಿ ವಿವರಿಸಿದರು. ಅಷ್ಟು ಸಂಯಮದಿಂದ ಬರೆದ ಮೇಲೂ ಅವರಿಗೆ ವರ್ಷವರ್ಷವೂ ಸಿಕ್ಕಿದ್ದು ಕ್ರೀಡಾಂಗಣದ ಬೈಗುಳ ಮತ್ತು ಬೆದರಿಕೆ. ಸರ್ಬಿಯಾದ ಆಟಗಾರ ನೆಮಾನ್ಯಾ ಮಾಟಿಚ್ 2018ರಲ್ಲಿ ಹೂ ಧರಿಸಲಿಲ್ಲ. 1999ರಲ್ಲಿ ಬ್ರಿಟನ್ನೂ ಸೇರಿದ್ದ ನೇಟೊ ಸೇನಾ ಒಕ್ಕೂಟದ ವಿಮಾನಗಳು ತನ್ನ ದೇಶದ ಮೇಲೆ ಬಾಂಬು ಸುರಿಸಿದಾಗ ಅವರು ವ್ರೆಲೊ ಎಂಬ ಹಳ್ಳಿಯಲ್ಲಿ ಹೆದರಿ ಕುಳಿತಿದ್ದ ಹತ್ತರ ಹುಡುಗ. ಈ ಇಬ್ಬರೂ ಯುದ್ಧವನ್ನು ಮರೆತವರಲ್ಲ, ಬಹುಶಃ ಗ್ಯಾಲರಿಯಲ್ಲಿ ಕೂಗಿದ ಬಹುತೇಕರಿಗಿಂತ ಅದನ್ನು ಹತ್ತಿರದಿಂದ ಬಲ್ಲವರು.

ಹೂ ಧರಿಸುವುದು ವೈಯಕ್ತಿಕ ಆಯ್ಕೆ ಎಂದು ಲೀಜನ್ ಸಂಸ್ಥೆಯೇ ಹೇಳುತ್ತದೆ. ಧರಿಸದವನು ಕಾರಣ ಕೊಡಬೇಕಾಗಿ ಬಂದಾಗ ಆ ಆಯ್ಕೆ ಹೆಸರಿಗಷ್ಟೇ ಉಳಿಯುತ್ತದೆ. ನಾನು ಅತಿ ಎನ್ನುವುದು ಇದನ್ನೇ.

ಇದಕ್ಕಿಂತ ಆಳವಾದ ಸ್ಮರಣೆ ಅದೇ ಫುಟ್‌ಬಾಲಿನಲ್ಲಿದೆ. ಲಂಡನ್ನಿನ ಕ್ಲ್ಯಾಪ್ಟನ್ ಓರಿಯಂಟ್ ಕ್ಲಬ್ಬಿನ 41 ಮಂದಿ ಆಟಗಾರರು ಮತ್ತು ಸಿಬ್ಬಂದಿ ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿದರು. ರಿಚರ್ಡ್ ಮೆಕ್‌ಫ್ಯಾಡನ್, ವಿಲಿಯಂ ಜೋನಸ್, ಜಾರ್ಜ್ ಸ್ಕಾಟ್ ಮರಳಲಿಲ್ಲ. 2011ರಲ್ಲಿ ಆ ಕ್ಲಬ್ಬಿನ ಅಭಿಮಾನಿಗಳು ತಾವೇ ಹಣ ಕೂಡಿಸಿ ಫ್ರಾನ್ಸಿನ ಫ್ಲೇರ್ ಎಂಬ ಹಳ್ಳಿಯಲ್ಲಿ ಅವರಿಗೊಂದು ಸ್ಮಾರಕ ನಿಲ್ಲಿಸಿದರು.